ಮೊದಲು ಫೋನು, ಆಮೇಲೆ ರೇಡಿಯೋ: ಸಣ್ಣ ವ್ಯಾಪಾರಕ್ಕೆ ಪ್ರಚಾರ ಮಾಡುವ ಬಗೆ

ಸ್ಥಳೀಯ ರೇಡಿಯೋದಲ್ಲಿ ಜಾಹೀರಾತು ಕೊಡಬೇಕು ಅಂತ ಬರುವ ಅಂಗಡಿಯವರಿಗೆ ನಾನು ಮೊದಲು ಕೇಳುವ ಪ್ರಶ್ನೆ ಒಂದೇ. "ನಿಮ್ಮ ಅಂಗಡಿಯ ಹೆಸರು ಫೋನಿನಲ್ಲಿ ಹುಡುಕಿದರೆ ಏನು ಸಿಗುತ್ತದೆ?" ಹೆಚ್ಚಿನವರು ಸುಮ್ಮನಾಗುತ್ತಾರೆ. ಕೆಲವರು ಅಲ್ಲೇ ಹುಡುಕಿ ನೋಡುತ್ತಾರೆ. ಹಳೆಯ ನಂಬರು, ತಪ್ಪು ಸಮಯ, ಯಾರೋ ದಾರಿಹೋಕರು ತೆಗೆದ ಮಸುಕು ಫೋಟೋ. ಹಾಗಿದ್ದರೆ ರೇಡಿಯೋ ಈಗಲೇ ಬೇಡ ಅನ್ನುತ್ತೇನೆ.

ಎಫ್‌ಎಂ ಸ್ಟುಡಿಯೋದಲ್ಲಿ ವರ್ಷಗಟ್ಟಲೆ ಸ್ಪಾಟ್, ಅಂದರೆ ಕೆಲವೇ ಸೆಕೆಂಡಿನ ರೇಡಿಯೋ ಜಾಹೀರಾತು, ಬರೆದು, ದನಿ ಕೊಟ್ಟು ಬದುಕಿದವಳು ಹೀಗೆ ಹೇಳುವುದು ವಿಚಿತ್ರ ಅನಿಸಬಹುದು. ಆದರೆ ಕಾರಣ ಸರಳ. ರೇಡಿಯೋ ಕೇಳುವವರ ಕೈ ಖಾಲಿ ಇರುವುದಿಲ್ಲ. ಗಾಡಿ ಓಡಿಸುತ್ತಿರುತ್ತಾರೆ, ಪಾತ್ರೆ ತೊಳೆಯುತ್ತಿರುತ್ತಾರೆ, ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿರುತ್ತಾರೆ. ನಿಮ್ಮ ಮಾತು ಕಿವಿಗೆ ಬಿದ್ದು ಹೋಗುತ್ತದೆ. ಹಿಂದಕ್ಕೆ ಹೋಗಿ ಮತ್ತೆ ಕೇಳುವ ದಾರಿ ಇಲ್ಲ. ಇಷ್ಟವಾದರೆ ಹೆಸರೊಂದು ತಲೆಯಲ್ಲಿ ಉಳಿಯುತ್ತದೆ. ಸಂಜೆ ಕೈ ಖಾಲಿಯಾದಾಗ ಆ ಹೆಸರನ್ನು ಫೋನಿನಲ್ಲಿ ಹುಡುಕುತ್ತಾರೆ. ಆಗ ಅಲ್ಲಿ ಏನೂ ಸಿಗದಿದ್ದರೆ ನೀವು ರೇಡಿಯೋಗೆ ಕೊಟ್ಟ ದುಡ್ಡು ಗಾಳಿಗೆ ಹೋಯಿತು ಅಂತಲೇ ಲೆಕ್ಕ.

ಹಾಗಾಗಿ ನಾನು ಹೇಳುವ ಕ್ರಮ ಇದು: ಫೋನಿನಲ್ಲಿ ನೀವು ಸಿಗುವ ಹಾಗೆ ಮಾಡಿಕೊಳ್ಳಿ. ಹೇಳುವ ಮಾತು ಒಂದನ್ನು ಗಟ್ಟಿ ಮಾಡಿ. ಅದನ್ನು ರೇಡಿಯೋದಲ್ಲಿ ಹೇಳಿಸಿ. ಆಮೇಲೆ ರೇಡಿಯೋದಲ್ಲಿ ಬಂದದ್ದನ್ನು ಮತ್ತೆ ಫೋನಿಗೆ ತನ್ನಿ.

ಫೋನಿನಲ್ಲಿ ಸಿಗುವುದು

ಮೊದಲು ಗೂಗಲ್ ಬಿಸಿನೆಸ್ ಪ್ರೊಫೈಲ್. 2021ರವರೆಗೆ ಇದನ್ನು ಗೂಗಲ್ ಮೈ ಬಿಸಿನೆಸ್ ಅಂತ ಕರೆಯುತ್ತಿದ್ದರು. ಈಗಲೂ ಹಳೆಯ ಹೆಸರಲ್ಲೇ ಕೇಳುವವರು ಇದ್ದಾರೆ. ಎರಡೂ ಒಂದೇ. ಉಚಿತ. ನಕ್ಷೆಯಲ್ಲಿ ನಿಮ್ಮ ಅಂಗಡಿ ಎಲ್ಲಿದೆ, ಎಷ್ಟು ಹೊತ್ತಿಗೆ ತೆರೆಯುತ್ತದೆ, ಏನು ಕೆಲಸ ಮಾಡುತ್ತೀರಿ ಅನ್ನುವುದೆಲ್ಲ ಇಲ್ಲಿಂದಲೇ ಬರುವುದು. ಅಂಗಡಿ ನಿಮ್ಮದೇ ಅಂತ ಖಚಿತಪಡಿಸಲು ಗೂಗಲ್ ವಿಡಿಯೋ ಕೇಳಬಹುದು, ಫೋನ್ ಮಾಡಬಹುದು. ಬೋರ್ಡು, ಒಳಗಿನ ಸಾಮಾನು, ಬೀಗ ತೆಗೆಯುವ ನಿಮ್ಮ ಕೈ, ಇಷ್ಟು ವಿಡಿಯೋದಲ್ಲಿ ಬಂದರೆ ಸಾಮಾನ್ಯವಾಗಿ ಕೆಲಸ ಆಗುತ್ತದೆ.

ಫೋಟೋ ಹಾಕುವಾಗ ಎಲ್ಲರೂ ಒಳಗಿನ ಸಾಮಾನಿನ ಫೋಟೋ ಹಾಕುತ್ತಾರೆ. ರಸ್ತೆಯ ಆಚೆ ನಿಂತು ಅಂಗಡಿಯ ಮುಂಭಾಗದ ಫೋಟೋ ಮೊದಲು ಹಾಕಿ. ಮೊದಲ ಸಲ ಬರುವವರು ಗಾಡಿ ನಿಧಾನ ಮಾಡಿಕೊಂಡು ಹುಡುಕುವುದು ಅದನ್ನೇ. ಪಕ್ಕದ ಕಟ್ಟಡವೂ ಸ್ವಲ್ಪ ಕಾಣಲಿ.

ಹೆಸರಿನ ಸ್ಪೆಲ್ಲಿಂಗ್ ಬಗ್ಗೆ ಒಂದು ಮಾತು. ರೇಡಿಯೋದಲ್ಲಿ ಲಕ್ಷ್ಮಿ ಅಂತ ಕೇಳಿದವರು ಇಂಗ್ಲಿಷಿನಲ್ಲಿ ಟೈಪ್ ಮಾಡುವಾಗ ಎಕ್ಸ್ ಹಾಕುತ್ತಾರೋ ಕೆ-ಎಸ್-ಎಚ್ ಹಾಕುತ್ತಾರೋ ನಿಮಗೆ ಗೊತ್ತಿಲ್ಲ. ಶ್ರೀ ಅಂತೂ ಮೂರು ನಾಲ್ಕು ಥರ ಬರುತ್ತದೆ. ನೀವೇ ಬೇರೆ ಬೇರೆ ಫೋನಿನಿಂದ, ಬೇರೆ ಬೇರೆ ಸ್ಪೆಲ್ಲಿಂಗಿನಲ್ಲಿ, ಕನ್ನಡ ಲಿಪಿಯಲ್ಲೂ ಹುಡುಕಿ ನೋಡಿ. ಮನೆಯವರ ಬಾಯಲ್ಲಿ ಹೇಳಿಸಿ, ದನಿಯಿಂದ ಹುಡುಕುವ ಮೈಕ್ ಗುಂಡಿಯನ್ನೂ ಒತ್ತಿ ನೋಡಿ. ಯಾವುದರಲ್ಲಿ ಸಿಗುವುದಿಲ್ಲವೋ ಆ ಸ್ಪೆಲ್ಲಿಂಗ್ ಅನ್ನು ಫೇಸ್‌ಬುಕ್ ಪುಟದ ವಿವರಣೆಯಲ್ಲೋ ಇನ್‌ಸ್ಟಾಗ್ರಾಮ್ ಬಯೋದಲ್ಲೋ ಎಲ್ಲಾದರೂ ಸೇರಿಸಿ. ಹೊಸದಾಗಿ ಅಂಗಡಿ ತೆರೆಯುವವರಾದರೆ ಕೇಳಿದ ತಕ್ಷಣ ಬರೆಯಲು ಬರುವ ಹೆಸರನ್ನೇ ಇಡಿ.

ಆಮೇಲೆ ವಾಟ್ಸಾಪ್ ಬಿಸಿನೆಸ್. 2018ರ ಜನವರಿಯಲ್ಲಿ ಬಂದ ಈ ಆ್ಯಪ್ ಕೂಡ ಉಚಿತವೇ. ಸಾದಾ ವಾಟ್ಸಾಪ್‌ನಲ್ಲಿ ಇಲ್ಲದ ಕೆಲವು ಅನುಕೂಲ ಇದರಲ್ಲಿವೆ. ನೀವು ಇಲ್ಲದ ಹೊತ್ತಿನಲ್ಲಿ ತಾನಾಗಿ ಹೋಗುವ ಉತ್ತರ, ಪದೇ ಪದೇ ಕೇಳುವ ಪ್ರಶ್ನೆಗಳಿಗೆ ಬರೆದಿಟ್ಟ ಉತ್ತರ, ವಸ್ತುಗಳ ಕ್ಯಾಟಲಾಗ್, ಗಿರಾಕಿಗಳನ್ನು ಗುರುತಿಸಲು ಲೇಬಲ್. ಸ್ಪಾಟ್ ಶುರುವಾದ ಮೇಲೆ ಜನ ಕೇಳುವುದು ನಾಲ್ಕೈದು ಪ್ರಶ್ನೆ ಮಾತ್ರ: ಎಲ್ಲಿ, ಎಷ್ಟು, ಎಷ್ಟು ಹೊತ್ತಿನ ತನಕ, ಯಾವತ್ತು ರಜೆ. ಇವಕ್ಕೆ ಉತ್ತರ ಮೊದಲೇ ಬರೆದಿಡಿ.

ಉಳಿದದ್ದು ಸೋಷಿಯಲ್ ಮೀಡಿಯಾ. ಎಲ್ಲಾ ಕಡೆ ಇರಬೇಕು ಅನ್ನುವ ಹಟ ಬೇಡ. ನಿಮ್ಮ ಗಿರಾಕಿಗಳು ಯಾವುದರಲ್ಲಿ ಜಾಸ್ತಿ ಹೊತ್ತು ಇರುತ್ತಾರೋ ಅದೊಂದು ಸಾಕು. ಅಂಗಡಿಗೆ ಬಂದವರನ್ನೇ ಕೇಳಿ, ಹೇಳುತ್ತಾರೆ. ಐದು ಕಡೆ ಖಾತೆ ತೆರೆದು ನಾಲ್ಕನ್ನು ಹಾಗೇ ಬಿಟ್ಟರೆ, ಕೊನೆಯ ಪೋಸ್ಟಿನ ಹಳೆಯ ತಾರೀಕು ನೋಡಿದವರು ಅಂಗಡಿ ಮುಚ್ಚಿದೆ ಅಂದುಕೊಳ್ಳುತ್ತಾರೆ.

ಒಂದೇ ಮಾತು

ಟೈಲರ್ ಒಬ್ಬರನ್ನು ತಗೊಳ್ಳಿ. ಅವರನ್ನು "ಏನು ಹೇಳಬೇಕು?" ಅಂತ ಕೇಳಿದರೆ ಪಟ್ಟಿ ಬರುತ್ತದೆ. ಪ್ಯಾಂಟು, ಶರ್ಟು, ರವಿಕೆ, ಯೂನಿಫಾರ್ಮು, ಪರದೆ, ಆಲ್ಟರೇಷನ್, ಉತ್ತಮ ಗುಣಮಟ್ಟ, ನುರಿತ ಕೆಲಸಗಾರರು, ಕೈಗೆಟುಕುವ ದರ. ಎಲ್ಲವೂ ನಿಜ ಇರಬಹುದು. ಆದರೆ ಎಲ್ಲಾ ಟೈಲರುಗಳೂ ಇದನ್ನೇ ಹೇಳುತ್ತಾರೆ. ಕೇಳಿದವರಿಗೆ ಒಂದೂ ನೆನಪಿರುವುದಿಲ್ಲ.

ನಾನು ಬೇರೆ ಥರ ಕೇಳುತ್ತೇನೆ. "ಗಿರಾಕಿ ನಿಮ್ಮ ಬಗ್ಗೆ ಇನ್ನೊಬ್ಬರ ಹತ್ತಿರ ಏನು ಹೇಳುತ್ತಾರೆ?" ಆಗ ಸ್ವಲ್ಪ ಯೋಚಿಸಿ ಹೇಳುತ್ತಾರೆ: "ಆಲ್ಟರೇಷನ್ ಅವತ್ತೇ ಮಾಡಿ ಕೊಡ್ತಾರೆ ಅಂತಾರೆ." ಸಿಕ್ಕಿತು ಅಲ್ವಾ? ಬೆಳಿಗ್ಗೆ ಕೊಡಿ, ಸಂಜೆ ಒಯ್ಯಿರಿ. ಇದೇ ಮಾತು ರೇಡಿಯೋದಲ್ಲಿ, ಇದೇ ಮಾತು ವಾಟ್ಸಾಪ್ ಸ್ಟೇಟಸ್‌ನಲ್ಲಿ, ಇದೇ ಮಾತು ಬೋರ್ಡಿನ ಕೆಳಗೆ. ಪ್ರತಿ ಕಡೆಗೂ ಹೊಸ ಮಾತು ಹುಡುಕುವುದು ನಮಗೆ ಬೇಸರ ಕಳೆಯಲು ಮಾತ್ರ. ಗಿರಾಕಿಗೆ ಅದು ಬೇಸರ ಬರುವಷ್ಟು ಇನ್ನೂ ಕೇಳಿಸಿರುವುದೇ ಇಲ್ಲ.

ಇಲ್ಲಿ ಒಂದು ಎಚ್ಚರ. ಸಂಜೆ ಕೊಡಲು ಆಗದ ದಿನ ಇದ್ದರೆ ಆ ಮಾತು ಬೇಡ. ರೇಡಿಯೋದಲ್ಲಿ ಹೇಳಿದ್ದನ್ನು ಜನ ಮಾತು ಕೊಟ್ಟ ಹಾಗೆ ತಗೊಳ್ಳುತ್ತಾರೆ. ತಪ್ಪಿದರೆ ಅದೂ ಅಷ್ಟೇ ಬೇಗ ಹರಡುತ್ತದೆ.

ಯಾವ ರೇಡಿಯೋ

ದೊಡ್ಡ ಹೆಸರಿನ ಸ್ಟೇಷನ್ನೇ ಬೇಕು ಅಂತೇನಿಲ್ಲ. ನಿಮ್ಮ ಅಂಗಡಿಗೆ ಬರಲು ಸಾಧ್ಯ ಇರುವ ಜನ ಕೇಳುವ ಸ್ಟೇಷನ್ ಬೇಕು. ಎಫ್‌ಎಂ ತರಂಗಗಳು ಹೆಚ್ಚುಕಡಿಮೆ ನೇರ ದಾರಿಯಲ್ಲೇ ಹೋಗುತ್ತವೆ. ಗುಡ್ಡ ಅಡ್ಡ ಬಂದರೆ, ದೊಡ್ಡ ಕಟ್ಟಡ ಅಡ್ಡ ಬಂದರೆ ಸದ್ದು ಹರಿದು ಹೋಗುತ್ತದೆ. ಮೀಡಿಯಂ ವೇವ್, ಅಂದರೆ ಹಳೆಯ ಎಎಂ ರೇಡಿಯೋದ ತರಂಗ, ನೆಲ ಹಿಡಿದು ದೂರ ಹೋಗುತ್ತದೆ, ರಾತ್ರಿ ಇನ್ನೂ ದೂರ. ಸ್ಥಳೀಯ ಸಂಘ ಸಂಸ್ಥೆಗಳು ನಡೆಸುವ ಸಮುದಾಯ ರೇಡಿಯೋದ ಪ್ರಸಾರ ಯಂತ್ರದ ಶಕ್ತಿ ಕಡಿಮೆ, ಕೆಲವೇ ಕಿಲೋಮೀಟರಿಗೆ ಕೇಳುತ್ತದೆ. ನಿಮ್ಮ ಗಿರಾಕಿಗಳೆಲ್ಲ ಆ ಕೆಲವೇ ಕಿಲೋಮೀಟರಿನೊಳಗೆ ಇದ್ದರೆ ಅದಕ್ಕಿಂತ ಒಳ್ಳೆಯದು ಯಾವುದಿದೆ? ಉಳಿದವರಿಗೆ ಕೇಳಿಸಲು ನೀವು ಯಾಕೆ ದುಡ್ಡು ಕೊಡಬೇಕು?

ಮಾರಾಟದವರು ತೋರಿಸುವ ಪ್ರಸಾರ ನಕ್ಷೆಯನ್ನು ನೋಡಿ, ಆದರೆ ಅದನ್ನೇ ನಂಬಿ ಕೂರಬೇಡಿ. ಸಣ್ಣ ರೇಡಿಯೋ ಒಂದನ್ನು ಹಿಡಿದುಕೊಂಡು ನಿಮ್ಮ ಗಿರಾಕಿಗಳು ಬರುವ ದಾರಿಗಳಲ್ಲಿ ಹೋಗಿ ಬನ್ನಿ. ಎಲ್ಲಿ ಚೆನ್ನಾಗಿ ಕೇಳುತ್ತದೆ, ಎಲ್ಲಿ ಗೊರಗೊರ ಅನ್ನುತ್ತದೆ ಅಂತ ನಿಮಗೇ ಗೊತ್ತಾಗುತ್ತದೆ. ದಾರಿಯಲ್ಲಿ ಸಿಗುವ ಅಂಗಡಿಗಳಲ್ಲಿ, ಆಟೋಗಳಲ್ಲಿ ಯಾವ ಸ್ಟೇಷನ್ ಹಾಕಿದ್ದಾರೆ ಅಂತಲೂ ಕಿವಿಗೊಡಿ. ಇದಕ್ಕಿಂತ ಒಳ್ಳೆಯ ಸರ್ವೇ ಸಣ್ಣ ವ್ಯಾಪಾರಿಗೆ ಬೇಕಿಲ್ಲ.

ಸ್ಟೇಷನ್ ಆರಿಸುವ ಮೊದಲು ಅದನ್ನು ಒಂದು ವಾರ ಕೇಳಿ. ಜಾಹೀರಾತಿನ ಬ್ರೇಕ್ ಎಷ್ಟು ಉದ್ದ ಇರುತ್ತದೆ? ನಿಮ್ಮದೇ ಕಸುಬಿನ ಬೇರೆಯವರ ಸ್ಪಾಟ್ ಬರುತ್ತದೆಯೇ? ಜನ ಫೋನ್ ಮಾಡಿ ಮಾತಾಡುವ ಕಾರ್ಯಕ್ರಮ ಯಾವುದು? ಆ ಕಾರ್ಯಕ್ರಮದ ಪಕ್ಕದಲ್ಲಿ ಜಾಗ ಕೇಳಿ. ಫೋನ್ ಮಾಡುವಷ್ಟು ಗಮನ ಕೊಟ್ಟು ಕೇಳುವವರು ಅಲ್ಲಿ ಇರುತ್ತಾರೆ.

ಸ್ಪಾಟ್ ಬರೆಯುವುದು

ರೇಡಿಯೋದಲ್ಲಿ ಮೊದಲ ದುಡ್ಡಿನ ಜಾಹೀರಾತು ಅಂತ ಸಾಮಾನ್ಯವಾಗಿ ಹೇಳುವುದು 1922ರ ಆಗಸ್ಟ್ 28ರದ್ದು. ನ್ಯೂಯಾರ್ಕಿನ ಡಬ್ಲ್ಯೂಇಎಎಫ್ ಸ್ಟೇಷನ್ನಿನಲ್ಲಿ ಮನೆಗಳನ್ನು ಮಾರುವ ಕಂಪನಿಯೊಂದು ಹತ್ತಿರ ಹತ್ತಿರ ಹತ್ತು ನಿಮಿಷ ಮಾತಾಡಿತ್ತು. ಹತ್ತು ನಿಮಿಷ! ಈಗ ನಿಮಗೆ ಸಿಗುವುದು 10, 20 ಅಥವಾ 30 ಸೆಕೆಂಡು. ಕನ್ನಡದ ಪದಗಳು ಉದ್ದ. ಆರಾಮವಾಗಿ ಓದಿದರೆ 30 ಸೆಕೆಂಡಿಗೆ ಸುಮಾರು 50 ಪದ ಹಿಡಿಸುತ್ತವೆ. 20 ಸೆಕೆಂಡಿಗೆ 30ರಿಂದ 35. ಅದಕ್ಕಿಂತ ಜಾಸ್ತಿ ತುರುಕಿದರೆ ಓದುವವರು ಓಡಬೇಕಾಗುತ್ತದೆ, ಕೇಳುವವರು ಹಿಂದೆ ಉಳಿಯುತ್ತಾರೆ.

ಅಂಗಡಿಯವರು ಸಾಮಾನ್ಯವಾಗಿ ಬರೆದು ತರುವುದು ಹೀಗಿರುತ್ತದೆ: "ನಮ್ಮಲ್ಲಿ ಎಲ್ಲಾ ವಿಧದ ಪುರುಷರ ಹಾಗೂ ಮಹಿಳೆಯರ ಉಡುಪುಗಳನ್ನು ನುರಿತ ಕೆಲಸಗಾರರಿಂದ ಆಧುನಿಕ ವಿನ್ಯಾಸಗಳಲ್ಲಿ ಹೊಲಿದು ಕೊಡಲಾಗುವುದು." ಇದು ಕರಪತ್ರದ ಭಾಷೆ. ಕಣ್ಣಿಗೆ ಸರಿ. ಬಾಯಿಗೆ ತಂದು ನೋಡಿ, ಉಸಿರೇ ಸಾಲುವುದಿಲ್ಲ. ಕೊಡಲಾಗುವುದು ಅಂತ ಯಾರಾದರೂ ಗಿರಾಕಿಯ ಎದುರು ನಿಂತು ಹೇಳುತ್ತಾರೆಯೇ?

ಗಂಡ ಹೆಂಡತಿ ಜಗಳ ಆಡುವ ಸ್ಪಾಟುಗಳೂ ಸಾಕಾಗಿವೆ ನನಗೆ. "ಏನ್ರೀ" ಅಂತ ಶುರುವಾದರೆ ಕೇಳುವವರು ಅಲ್ಲೇ ಕಿವಿ ಮುಚ್ಚಿಕೊಳ್ಳುತ್ತಾರೆ, ಇದು ಜಾಹೀರಾತು ಅಂತ ಗೊತ್ತಾಗಿಬಿಡುತ್ತದೆ. ನನಗೆ ಇಷ್ಟ ಅಂಗಡಿಯವರದೇ ದನಿ. ಆ ಟೈಲರ್‌ಗೆ ನಾನು ಬರೆದು ಕೊಡುವುದಾದರೆ ಹೀಗೆ:

ಹೊಲಿಗೆ ಯಂತ್ರದ ಸದ್ದು, ಎರಡು ಸೆಕೆಂಡು. ಥಟ್ಟನೆ ನಿಲ್ಲುತ್ತದೆ.

"ಪ್ಯಾಂಟು ಬಿಗಿಯಾಯ್ತಾ? ಪ್ಯಾಂಟಿನದೇನೂ ತಪ್ಪಿಲ್ಲ ಬಿಡಿ. ಹೊಸದು ತಗೋಬೇಡಿ. ಬೆಳಿಗ್ಗೆ ನನಗೆ ಕೊಡಿ, ಸಂಜೆ ಒಯ್ಯಿರಿ. ನಾನು (ಅಂಗಡಿ ಹೆಸರು) ಟೈಲರ್ ಮಾತಾಡ್ತಿರೋದು. ಬಸ್ ನಿಲ್ದಾಣದ ಎದುರು, ಮೆಟ್ಟಿಲು ಹತ್ತಿದರೆ ಮೊದಲ ಬಾಗಿಲು. ಬಿಗಿಯಾಗಿರಲಿ, ಸಡಿಲವಾಗಿರಲಿ, ಬೆಳಿಗ್ಗೆ ಕೊಡಿ, ಸಂಜೆ ಒಯ್ಯಿರಿ. (ಅಂಗಡಿ ಹೆಸರು)."

ಮತ್ತೆ ಯಂತ್ರದ ಸದ್ದು.

ಸುಮಾರು 30 ಪದ. ಮೊದಲ ಎರಡು ಪದದಲ್ಲೇ ಕೇಳುವವರ ಕಷ್ಟ ಬಂತು. ಅಂಗಡಿಯ ಹೆಸರು ಎರಡು ಸಲ ಬಂತು, ಕೊನೆಯ ಮಾತೂ ಅದೇ. ವಿಳಾಸ ಅಂತ ಹೇಳದೆ ದಾರಿ ಹೇಳಿದೆ: ಅಡ್ಡರಸ್ತೆಯ ನಂಬರು, ಕಟ್ಟಡದ ನಂಬರು ಯಾರಿಗೂ ನೆನಪಿರುವುದಿಲ್ಲ, ಬಸ್ ನಿಲ್ದಾಣ ಎಲ್ಲರಿಗೂ ಗೊತ್ತು. ಫೋನ್ ನಂಬರು ಹಾಕಲೇ ಇಲ್ಲ. ಹಾಕಿ ಅಂತ ಅಂಗಡಿಯವರು ಪಟ್ಟು ಹಿಡಿಯುತ್ತಾರೆ. ಆದರೆ ಗಾಡಿ ಓಡಿಸುತ್ತಾ ಅಷ್ಟು ಅಂಕಿಗಳನ್ನು ಬರೆದುಕೊಳ್ಳುವವರು ಯಾರು? ನಂಬರು ಓದಲು ಐದಾರು ಸೆಕೆಂಡು ಹೋಗುತ್ತದೆ. ಆ ಜಾಗದಲ್ಲಿ ಹೆಸರನ್ನು ಇನ್ನೊಂದು ಸಲ ಹೇಳಬಹುದು. ಹೆಸರು ಸಿಕ್ಕರೆ ನಂಬರು ಫೋನಿನಲ್ಲಿ ಹೇಗೂ ಸಿಗುತ್ತದೆ, ಮೊದಲು ಮಾಡಿಟ್ಟ ಕೆಲಸ ಅದಕ್ಕೇ.

ಬರೆದದ್ದನ್ನು ಗಟ್ಟಿಯಾಗಿ ಓದಿ, ಫೋನಿನ ಸ್ಟಾಪ್‌ವಾಚ್ ಹಾಕಿ. ನಾಲಿಗೆ ತೊಡರಿದ ಕಡೆ ಪದ ಬದಲಿಸಿ. ಆಮೇಲೆ ವ್ಯಾಪಾರದ ಗಂಧವೇ ಇಲ್ಲದ ಒಬ್ಬರಿಗೆ ಒಂದೇ ಸಲ ಕೇಳಿಸಿ, ಬೇರೆ ಏನಾದರೂ ಮಾತಾಡಿ, ಸ್ವಲ್ಪ ಹೊತ್ತಾದ ಮೇಲೆ "ಯಾವ ಅಂಗಡಿ, ಎಲ್ಲಿ?" ಅಂತ ಕೇಳಿ. ಎರಡಕ್ಕೂ ಉತ್ತರ ಬಂದರೆ ಸ್ಪಾಟ್ ಸಿದ್ಧ.

ದನಿ ಮುದ್ರಿಸುವುದು

ಸ್ಟೇಷನ್ನಿನವರೇ ಮಾಡಿ ಕೊಡುತ್ತಾರೆ, ಕೆಲವರು ಅದಕ್ಕೆ ಬೇರೆ ದುಡ್ಡು ಕೇಳುತ್ತಾರೆ. ನೀವೇ ಮಾಡುವುದಾದರೆ ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ. ಬಟ್ಟೆ ತುಂಬಿದ ಬೀರುವಿನ ಬಾಗಿಲು ತೆಗೆದು ಅದರ ಎದುರು ನಿಂತು ಮಾತಾಡಿ. ಬಟ್ಟೆ ಸದ್ದನ್ನು ಹೀರಿಕೊಳ್ಳುತ್ತದೆ, ಖಾಲಿ ಕೋಣೆಯ ಗುಂಯ್ ಅನ್ನುವುದು ಇರುವುದಿಲ್ಲ. ಫೋನ್ ಬಾಯಿಗೆ ಒಂದು ಗೇಣು ದೂರ ಇರಲಿ, ನೇರ ಎದುರಿಗೆ ಬೇಡ, ಸ್ವಲ್ಪ ಪಕ್ಕಕ್ಕೆ. ಇಲ್ಲದಿದ್ದರೆ ಪ, ಬ ಬಂದ ಕಡೆಯೆಲ್ಲ ಗಾಳಿ ಹೊಡೆಯುತ್ತದೆ. ನಗುಮುಖದಲ್ಲಿ ಓದಿ. ನಗು ದನಿಯಲ್ಲಿ ಕೇಳುತ್ತದೆ, ಇದು ಸುಳ್ಳಲ್ಲ. ಫೈಲನ್ನು ವಾಟ್ಸಾಪ್‌ನಲ್ಲಿ ಕಳಿಸುವಾಗ ಡಾಕ್ಯುಮೆಂಟ್ ಆಗಿ ಕಳಿಸಿ. ವಾಯ್ಸ್ ಮೆಸೇಜ್ ಆಗಿ ಹೋದರೆ ಗುಣಮಟ್ಟ ಕುಗ್ಗುತ್ತದೆ.

ಎಷ್ಟು ಸಲ, ಯಾವಾಗ

ಇಡೀ ತಿಂಗಳು ದಿನಕ್ಕೆ ಒಂದು ಸ್ಪಾಟ್ ಹಾಕುವುದಕ್ಕಿಂತ, ಅದೇ ದುಡ್ಡಿನಲ್ಲಿ ಒಂದು ವಾರ ದಿನಕ್ಕೆ ನಾಲ್ಕು ಹಾಕುವುದು ಮೇಲು ಅನ್ನುವುದು ನನ್ನ ಅಭಿಪ್ರಾಯ. 1972ರಲ್ಲಿ ಅಮೆರಿಕದ ಹರ್ಬರ್ಟ್ ಕ್ರಗ್‌ಮನ್ ಅನ್ನುವ ಜಾಹೀರಾತು ಸಂಶೋಧಕರು ಒಂದು ಲೇಖನ ಬರೆದಿದ್ದರು. ಜಾಹೀರಾತು ಮೊದಲ ಸಲ ಎದುರಾದಾಗ ಜನ "ಇದೇನು?" ಅಂದುಕೊಳ್ಳುತ್ತಾರೆ. ಎರಡನೇ ಸಲ "ಇದರಿಂದ ನನಗೇನು?" ಅಂತ. ಮೂರನೆಯದು ನೆನಪಿಸುವ ಕೆಲಸ. ಇದು ಅವರ ವಾದ. ಇದನ್ನೇ ಹಿಡಿದು ಮೂರು ಸ್ಪಾಟ್ ಸಾಕು ಅಂತ ಲೆಕ್ಕ ಹಾಕುವವರಿದ್ದಾರೆ. ಕ್ರಗ್‌ಮನ್ ಹೇಳಿದ್ದು ಒಬ್ಬರೇ ಮೂರು ಸಲ ಗಮನಿಸುವುದರ ಬಗ್ಗೆ. ನೀವು ಮೂರು ಸಲ ಹಾಕಿದ ಮಾತ್ರಕ್ಕೆ ಒಬ್ಬರೇ ಮೂರು ಸಲ ಕೇಳುವುದಿಲ್ಲ. ಹಾಗಾಗಿ ಪ್ರತಿ ದಿನ ಒಂದೇ ಹೊತ್ತಿಗೆ, ಒಂದೇ ಕಾರ್ಯಕ್ರಮದ ಆಸುಪಾಸಿನಲ್ಲಿ ಹಾಕಿಸಿ. ಆ ಹೊತ್ತಿನ ಕೇಳುಗರು ಹೆಚ್ಚುಕಡಿಮೆ ಅವರೇ ಇರುತ್ತಾರೆ.

ಬೆಳಿಗ್ಗೆ ಕೆಲಸಕ್ಕೆ ಹೋಗುವ ಹೊತ್ತು, ಸಂಜೆ ಮನೆಗೆ ಬರುವ ಹೊತ್ತು ಎಲ್ಲಾ ಕಡೆಯೂ ದುಬಾರಿ. ಮಧ್ಯಾಹ್ನ ಅಗ್ಗ. ಮನೆಯಲ್ಲಿ ಇರುವವರು, ಅಂಗಡಿಗಳಲ್ಲಿ ಕೆಲಸ ಮಾಡುವವರು ನಿಮ್ಮ ಗಿರಾಕಿಗಳಾದರೆ ಮಧ್ಯಾಹ್ನವೇ ಸರಿ. ಕಡಿಮೆ ದರಕ್ಕೆ "ಯಾವಾಗ ಜಾಗ ಇರುತ್ತದೋ ಆಗ ಹಾಕುತ್ತೇವೆ" ಅನ್ನುವ ಪ್ಯಾಕೇಜ್ ಬರುತ್ತದೆ. ಅದರಲ್ಲಿ ನಿಮ್ಮ ಸ್ಪಾಟ್ ನಡುರಾತ್ರಿ ಹೋಗಬಹುದು. ಬೇಡ ಅನ್ನಿ, ಇಲ್ಲವೇ ಯಾವ ಹೊತ್ತಿನಿಂದ ಯಾವ ಹೊತ್ತಿನ ಒಳಗೆ ಅಂತ ಬರೆಸಿಕೊಳ್ಳಿ. ಬ್ರೇಕಿನಲ್ಲಿ ಮೊದಲನೆಯದೋ ಕೊನೆಯದೋ ಆಗಿ ಹಾಕಿ ಅಂತ ಕೇಳಿ. ಸುಮ್ನೆ ಕೇಳಿದರೇ ಕೊಡುವವರಿದ್ದಾರೆ. ಸ್ಪಾಟ್ ನಿಜವಾಗಿ ಯಾವಾಗ ಹೋಯಿತು ಅನ್ನುವ ಪ್ರಸಾರದ ಲಾಗ್ ಕೇಳಿ ಪಡೆಯಿರಿ. ಬಿಲ್ ಕೊಡುವ ಮೊದಲು.

ಆರ್‌ಜೆ, ಅಂದರೆ ಕಾರ್ಯಕ್ರಮ ನಡೆಸುವ ನಿರೂಪಕರು, ತಮ್ಮ ಮಾತಿನ ನಡುವೆ ನಿಮ್ಮ ಬಗ್ಗೆ ಹೇಳುವುದು ಇನ್ನೊಂದು ಬಗೆ. ಚೆನ್ನಾಗಿ ನಾಟುತ್ತದೆ, ಯಾಕೆಂದರೆ ಕೇಳುವವರಿಗೆ ಆ ದನಿ ಪರಿಚಯ. ಅವರಿಗೆ ಬರೆದ ಸ್ಕ್ರಿಪ್ಟ್ ಕೊಡಬೇಡಿ, ಓದಿದ ಹಾಗೆ ಕೇಳುತ್ತದೆ. ಮೂರು ಅಂಶ ಬರೆದ ಚೀಟಿ ಸಾಕು. ಸಾಧ್ಯವಾದರೆ ಅಂಗಡಿಗೆ ಒಮ್ಮೆ ಕರೆಸಿ. ನೋಡಿದ್ದನ್ನು ಹೇಳುವುದಕ್ಕೂ ಚೀಟಿ ನೋಡಿ ಹೇಳುವುದಕ್ಕೂ ವ್ಯತ್ಯಾಸ ಇದೆ. ದುಡ್ಡು ಕೊಟ್ಟು ಹೇಳಿಸಿದ್ದನ್ನು ಜಾಹೀರಾತು ಅಂತಲೇ ಹೇಳಿಸಿ, ಮುಚ್ಚಿಡಬೇಡಿ. ಇನ್‌ಸ್ಟಾಗ್ರಾಮಿನಲ್ಲಿ ಇದಕ್ಕೇ ಅಂತ ಪೇಯ್ಡ್ ಪಾರ್ಟ್‌ನರ್‌ಶಿಪ್ ಅನ್ನುವ ಲೇಬಲ್ ಇದೆ.

ದುಡ್ಡಿಲ್ಲದೆ ರೇಡಿಯೋದಲ್ಲಿ ಬರುವುದು

ಇದನ್ನು ಯಾಕೋ ಯಾರೂ ಕೇಳುವುದೇ ಇಲ್ಲ. ಸ್ಥಳೀಯ ಸ್ಟೇಷನ್ನಿಗೆ ದಿನವೂ ಗಂಟೆಗಟ್ಟಲೆ ಮಾತು ಬೇಕು. ಕಾರ್ಯಕ್ರಮ ಮಾಡುವವರು ವಿಷಯಕ್ಕೆ, ಅತಿಥಿಗೆ ಹುಡುಕುತ್ತಲೇ ಇರುತ್ತಾರೆ. ಸೈಕಲ್ ರಿಪೇರಿ ಮಾಡುವವರಿಗೆ ಮಳೆಗಾಲದಲ್ಲಿ ಚೈನ್ ತುಕ್ಕು ಹಿಡಿಯದ ಹಾಗೆ ನೋಡಿಕೊಳ್ಳುವುದು ಹೇಗೆ ಅಂತ ಗೊತ್ತು. ಕನ್ನಡಕದ ಅಂಗಡಿಯವರಿಗೆ ಗಾಜು ಗೀರು ಬೀಳದ ಹಾಗೆ ಒರೆಸುವುದು ಗೊತ್ತು. ನರ್ಸರಿಯವರಿಗೆ ಬಾಲ್ಕನಿಯ ಗಿಡ ಯಾಕೆ ಹಳದಿಯಾಗುತ್ತದೆ ಅಂತ ಗೊತ್ತು. ಇದೇ ಕಾರ್ಯಕ್ರಮ.

ಕಾರ್ಯಕ್ರಮದ ನಿರ್ಮಾಪಕರಿಗೆ ನಾಲ್ಕು ಸಾಲಿನ ಸಂದೇಶ ಕಳಿಸಿ. ನೀವು ಯಾರು, ಯಾವ ವಿಷಯ, ಈಗ ಯಾಕೆ, ಕೇಳುಗರು ಫೋನ್ ಮಾಡಿ ಏನು ಕೇಳಬಹುದು. "ನನ್ನ ಅಂಗಡಿಯ ಬಗ್ಗೆ ಮಾತಾಡಬೇಕು" ಅಂತ ಬರೆದರೆ ಮಾರಾಟ ವಿಭಾಗದ ಕಡೆ ಕೈ ತೋರಿಸುತ್ತಾರೆ. ಅದು ನ್ಯಾಯವೇ. "ಮಳೆ ಶುರುವಾಗಿದೆ, ಸೈಕಲ್ ಹೊರಗೆ ನಿಲ್ಲಿಸುವವರಿಗೆ ಮೂರು ಉಪಾಯ ಹೇಳಬಲ್ಲೆ" ಅಂದರೆ ಕರೆಯುತ್ತಾರೆ.

ಒಳಗೆ ಹೋದ ಮೇಲೆ ಅಂಗಡಿಯನ್ನು ಹೊಗಳಬೇಡಿ. ನಿಮ್ಮನ್ನು ಪರಿಚಯಿಸುವಾಗ ಆರ್‌ಜೆ ಹೇಗೂ ಹೆಸರು ಹೇಳುತ್ತಾರೆ, ಕೊನೆಗೂ ಹೇಳುತ್ತಾರೆ. ನಡುವೆ ಪೂರ್ತಿ ಉಪಾಯಗಳನ್ನೇ ಹೇಳಿ. ಗುಟ್ಟು ಬಿಟ್ಟುಕೊಟ್ಟರೆ ಗಿರಾಕಿ ಬರುವುದಿಲ್ಲ ಅನ್ನುವ ಭಯ ಬೇಡ. ಹೇಳಿಕೊಟ್ಟದ್ದನ್ನು ತಾವೇ ಮಾಡಿಕೊಳ್ಳುವವರು ಹೇಗೂ ಬರುತ್ತಿರಲಿಲ್ಲ. "ಇವರಿಗೆ ಕೆಲಸ ಗೊತ್ತಿದೆ, ಇವರೇ ಮಾಡಲಿ" ಅನ್ನುವವರು ಬರುತ್ತಾರೆ. ಒಂದು ಸಲ ಚೆನ್ನಾಗಿ ಮಾತಾಡಿದವರನ್ನು ಸ್ಟೇಷನ್ ಮರೆಯುವುದಿಲ್ಲ. ಮುಂದಿನ ಮಳೆಗಾಲಕ್ಕೆ ಅವರೇ ಫೋನ್ ಮಾಡುತ್ತಾರೆ.

ರೇಡಿಯೋದಲ್ಲಿ ಬಂದದ್ದನ್ನು ಫೋನಿಗೆ ತರುವುದು

ಸ್ಪಾಟ್ ಶುರುವಾಗುವ ದಿನ ಬೆಳಿಗ್ಗೆಯೇ ನಿಮ್ಮ ಪುಟದಲ್ಲಿ ಅದೇ ಮಾತಿನ ಪೋಸ್ಟ್ ಇರಲಿ, ಮೇಲೆ ಪಿನ್ ಆಗಿರಲಿ. ರೇಡಿಯೋದಲ್ಲಿ ಕೇಳಿ ಬಂದವರಿಗೆ "ಹೌದು, ಇದೇ ಅಂಗಡಿ" ಅಂತ ಒಂದು ಕ್ಷಣದಲ್ಲಿ ಗೊತ್ತಾಗಬೇಕು.

ಸ್ಪಾಟಿನ ದನಿಯನ್ನೇ ಇಟ್ಟುಕೊಂಡು ಉದ್ದಕ್ಕೆ ಹಿಡಿದ ಫೋನಿನಲ್ಲಿ ಒಂದು ರೀಲ್ ಮಾಡಿ. ಟೈಲರ್ ಆದರೆ ಬೆಳಿಗ್ಗೆ ಪ್ಯಾಂಟು ಬಂದದ್ದು, ಹೊಲಿಗೆ ಬಿಚ್ಚಿದ್ದು, ಯಂತ್ರದ ಕೆಳಗೆ ಹೋದದ್ದು, ಸಂಜೆ ಇಸ್ತ್ರಿಯಾಗಿ ಚೀಲಕ್ಕೆ ಸೇರಿದ್ದು. ಬೇರೇನೂ ಬೇಡ. ಮಾತನ್ನು ಅಕ್ಷರದಲ್ಲೂ ಹಾಕಿ, ಸದ್ದು ಬಂದ್ ಮಾಡಿಕೊಂಡು ನೋಡುವವರು ತುಂಬಾ ಜನ. ರೇಡಿಯೋಗೆ ಕಿವಿ ಮಾತ್ರ, ಇಲ್ಲಿ ಎಷ್ಟೋ ಸಲ ಕಣ್ಣು ಮಾತ್ರ. ಒಂದೇ ಸ್ಪಾಟ್ ಎರಡು ಕಡೆಯೂ ನಡೆಯಬೇಕಾದರೆ ಇಷ್ಟು ಮಾಡಲೇಬೇಕು.

ಸಿನಿಮಾ ಹಾಡು ಹಿನ್ನೆಲೆಗೆ ಹಾಕುವ ಆಸೆ ಎಲ್ಲರಿಗೂ. ಬೇಡ. ಮನೆಯ ಹುಡುಗರ ರೀಲಿನಲ್ಲಿ ಸಿಗುವ ಹಾಡುಗಳೆಲ್ಲ ಇನ್‌ಸ್ಟಾಗ್ರಾಮಿನ ಬಿಸಿನೆಸ್ ಖಾತೆಗೆ ಸಿಗುವುದಿಲ್ಲ, ವ್ಯಾಪಾರಕ್ಕೆ ಬಳಸಲು ಬೇರೆ ಹಕ್ಕು ಬೇಕು. ಮೆಟಾ ಸೌಂಡ್ ಕಲೆಕ್ಷನ್, ಯೂಟ್ಯೂಬ್ ಆಡಿಯೋ ಲೈಬ್ರರಿ ಇವುಗಳಲ್ಲಿ ಉಚಿತ ಸಂಗೀತ ಇದೆ. ನನ್ನನ್ನು ಕೇಳಿದರೆ ಆ ಹೊಲಿಗೆ ಯಂತ್ರದ ಸದ್ದೇ ಸಾಕು. ರೇಡಿಯೋದಲ್ಲೂ ಅದೇ, ರೀಲಿನಲ್ಲೂ ಅದೇ. ಸ್ವಲ್ಪ ದಿನಕ್ಕೆ ಅದೇ ನಿಮ್ಮ ಜಿಂಗಲ್, ಅಂದರೆ ಗುರುತಿನ ಸದ್ದು, ಆಗುತ್ತದೆ.

ವಾಟ್ಸಾಪ್‌ನಲ್ಲಿ ಒಂದೇ ಮೆಸೇಜನ್ನು ತುಂಬಾ ಜನರಿಗೆ ಬೇರೆ ಬೇರೆಯಾಗಿ ಕಳಿಸುವ ಬ್ರಾಡ್‌ಕಾಸ್ಟ್ ಪಟ್ಟಿಗೆ 256 ಜನರ ಮಿತಿ ಇದೆ. ನಿಮ್ಮ ನಂಬರನ್ನು ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ. ಇದು ಗೊತ್ತಿಲ್ಲದೆ ಕಳಿಸುತ್ತಲೇ ಇರುವವರು ಇದ್ದಾರೆ. ಗಿರಾಕಿ ಎದುರಿಗೆ ಇರುವಾಗಲೇ "ನಂಬರು ಸೇವ್ ಮಾಡ್ಕೊಳ್ಳಿ, ಬಟ್ಟೆ ರೆಡಿ ಆದಾಗ ಮೆಸೇಜ್ ಕಳಿಸ್ತೀನಿ" ಅನ್ನಿ. ದಿನಾ ಶುಭೋದಯದ ಹೂವಿನ ಚಿತ್ರ ಕಳಿಸಿದರೆ ಮಾತ್ರ ಬ್ಲಾಕ್ ಆಗುತ್ತೀರಿ, ಅದಕ್ಕೆ ಯಾವ ರೇಡಿಯೋವೂ ಸಹಾಯ ಮಾಡಲಾರದು.

ದುಡ್ಡು ಸ್ವಲ್ಪ ಉಳಿದಿದ್ದರೆ ಆ ರೀಲನ್ನು ಫೇಸ್‌ಬುಕ್, ಇನ್‌ಸ್ಟಾಗ್ರಾಮಿನಲ್ಲಿ ಬೂಸ್ಟ್ ಮಾಡಿ, ಅಂದರೆ ದುಡ್ಡು ಕೊಟ್ಟು ಹೆಚ್ಚು ಜನರಿಗೆ ತೋರಿಸಿ. ನಕ್ಷೆಯಲ್ಲಿ ಬೇಕಾದ ಜಾಗದ ಮೇಲೆ ಪಿನ್ ಇಟ್ಟು ಸುತ್ತ ಇಷ್ಟು ಕಿಲೋಮೀಟರ್ ಅಂತ ಆರಿಸಬಹುದು. ರೇಡಿಯೋ ಹಿಡಿದು ತಿರುಗಾಡಿದಾಗ ಸ್ಟೇಷನ್ ಸರಿಯಾಗಿ ಕೇಳದ ಜಾಗಗಳು ಸಿಕ್ಕಿದ್ದವಲ್ಲ, ಆ ಕಡೆಗೆ ಇದನ್ನು ಹಾಕಿ. ರೇಡಿಯೋ ನಡೆಯುವ ವಾರದಲ್ಲೇ ಮಾಡಿ, ಬೇರೆ ವಾರಕ್ಕೆ ಇಟ್ಟುಕೊಳ್ಳಬೇಡಿ.

ಸ್ಥಳೀಯ ಫೇಸ್‌ಬುಕ್ ಗುಂಪುಗಳಲ್ಲಿ ಜಾಹೀರಾತು ಅಂಟಿಸಿ ಓಡಿಹೋಗಬೇಡಿ. ಯಾರಾದರೂ "ಒಳ್ಳೆ ಟೈಲರ್ ಯಾರಿದ್ದಾರೆ?" ಅಂತ ಕೇಳಿದಾಗ ಉತ್ತರ ಕೊಡಿ. ನಿಮ್ಮ ಗಿರಾಕಿಯೇ ಕೊಟ್ಟರೆ ಇನ್ನೂ ಒಳ್ಳೆಯದು. ಗೂಗಲ್‌ನಲ್ಲಿ ರಿವ್ಯೂ ಬರೆಯಿರಿ ಅಂತ ಗಿರಾಕಿಯನ್ನು ಕೇಳಬಹುದು, ಆದರೆ ಅದಕ್ಕೆ ದುಡ್ಡು, ರಿಯಾಯಿತಿ ಕೊಡುವುದು ಗೂಗಲ್ ನಿಯಮಕ್ಕೆ ವಿರುದ್ಧ. ಬೈದು ಬರೆದವರಿಗೂ ಸಮಾಧಾನದಿಂದ ಉತ್ತರ ಬರೆಯಿರಿ. ಅದನ್ನು ಓದುವುದು ಬೈದವರಿಗಿಂತ ಹೊಸಬರೇ ಜಾಸ್ತಿ.

ಕೆಲಸ ಆಯಿತೇ ಅಂತ ನೋಡುವುದು

ಲೈಕ್ ಎಣಿಸಬೇಡಿ. ಅಂಗಡಿಗೆ ಬಂದ ಪ್ರತಿ ಹೊಸಬರನ್ನೂ "ನಮ್ಮ ಬಗ್ಗೆ ಹೇಗೆ ಗೊತ್ತಾಯ್ತು?" ಅಂತ ಕೇಳಿ, ಗಲ್ಲಾ ಪಕ್ಕದ ನೋಟ್‌ಬುಕ್‌ನಲ್ಲಿ ಗೀಟು ಹಾಕಿ. ರೇಡಿಯೋ, ಫೋನು, ಯಾರೋ ಹೇಳಿದ್ದು, ಬೋರ್ಡು ನೋಡಿ ಬಂದದ್ದು. ನಾಲ್ಕು ಕಾಲಂ. ಸ್ಪಾಟ್ ಶುರುವಾಗುವ ಎರಡು ವಾರ ಮೊದಲೇ ಗೀಟು ಹಾಕಲು ಶುರು ಮಾಡಿ, ಇಲ್ಲದಿದ್ದರೆ ಹೋಲಿಸಿ ನೋಡಲು ಏನೂ ಇರುವುದಿಲ್ಲ.

ಇಲ್ಲಿ ಒಂದು ತಮಾಷೆ ಇದೆ. ರೇಡಿಯೋದಲ್ಲಿ ಕೇಳಿ, ಫೋನಿನಲ್ಲಿ ಹುಡುಕಿ ಬಂದವರು "ಗೂಗಲ್‌ನಲ್ಲಿ ನೋಡಿದೆ" ಅಂತಲೇ ಹೇಳುತ್ತಾರೆ. ರೇಡಿಯೋ ಮರೆತೇ ಹೋಗಿರುತ್ತದೆ. ಆದ್ದರಿಂದ ಗೂಗಲ್ ಪ್ರೊಫೈಲಿನ ಪರ್ಫಾರ್ಮೆನ್ಸ್ ಪುಟವನ್ನೂ ತೆಗೆದು ನೋಡಿ. ಜನ ಏನು ಟೈಪ್ ಮಾಡಿ ನಿಮ್ಮನ್ನು ತಲುಪಿದರು, ಎಷ್ಟು ಜನ ಕರೆ ಮಾಡಿದರು, ಎಷ್ಟು ಜನ ದಾರಿ ಕೇಳಿದರು ಅಂತ ಅಲ್ಲಿ ಇರುತ್ತದೆ. "ಹತ್ತಿರದ ಟೈಲರ್" ಅಂತ ಹುಡುಕುವವರು ಯಾವಾಗಲೂ ಇರುತ್ತಾರೆ. ನಿಮ್ಮ ಅಂಗಡಿಯ ಹೆಸರನ್ನೇ ಟೈಪ್ ಮಾಡಿದವರು ಆ ವಾರ ಹೆಚ್ಚಾಗಿದ್ದರೆ, ಆ ಹೆಚ್ಚುವರಿಯ ದೊಡ್ಡ ಪಾಲು ರೇಡಿಯೋದ್ದು ಅಂತ ನಾನು ಹಿಡಿಯುತ್ತೇನೆ.

ಹುಡುಕಾಟ ಹೆಚ್ಚಾಗಿ ಗಿರಾಕಿ ಹೆಚ್ಚಾಗದಿದ್ದರೆ ತೊಂದರೆ ಫೋನಿನ ಕಡೆ ಇದೆ: ಫೋಟೋ, ಸಮಯ, ಉತ್ತರ ಕೊಡದ ಮೆಸೇಜು. ಹುಡುಕಾಟವೇ ಹೆಚ್ಚಾಗದಿದ್ದರೆ ಸ್ಪಾಟಿನಲ್ಲಿ ಹೆಸರು ಸರಿಯಾಗಿ ಕೇಳಿಸುತ್ತಿಲ್ಲ, ಇಲ್ಲವೇ ಸ್ಟೇಷನ್ ನಿಮ್ಮ ಜನರದ್ದಲ್ಲ. ಮೊದಲು ಸ್ಪಾಟ್ ಬದಲಿಸಿ ನೋಡಿ, ಆಮೇಲೆ ಸ್ಟೇಷನ್. ಎರಡನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಅಂತ ತಿಳಿಯುವುದಿಲ್ಲ.

ಸ್ಪಾಟ್ ಮುಗಿದ ಮೇಲೆ ಮೂಲ ಆಡಿಯೋ ಫೈಲನ್ನು ಸ್ಟೇಷನ್ನಿನಿಂದ ಕೇಳಿ ಇಟ್ಟುಕೊಳ್ಳಿ. ಅದನ್ನು ಬೇರೆ ಸ್ಟೇಷನ್ನಿನಲ್ಲಿ, ನಿಮ್ಮ ಪುಟದಲ್ಲಿ ಬಳಸಲು ಒಪ್ಪಿಗೆ ಇದೆ ಅಂತ ಒಂದು ಸಾಲು ಬರೆಸಿಕೊಳ್ಳಿ. ಆರ್‌ಜೆ ದನಿ ಇದ್ದರೆ ಅವರ ಒಪ್ಪಿಗೆಯೂ ಬೇಕು. ಈ ಕೆಲಸವನ್ನು ಬಿಲ್ ಕಟ್ಟುವ ದಿನವೇ ಮುಗಿಸಿ.